ಆಚಾರ್ ಅವರಿಗೆ ಎಪ್ಪತ್ತು, ಶ್ರೀಕಂಠನ್ ಅವರಿಗೆ ಮೂವತ್ತು: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು ಮತ್ತು ಅಧ್ಯಾಪಕರ ನೇಮಕಾತಿ ಸಮಿತಿಗಳ ಸದಸ್ಯರು

ವಿಷಯ: ಭೌತಶಾಸ್ತ್ರ ವಿಭಾಗದ ನೇಮಕಾತಿಯಲ್ಲಿ ಉಪಕರಣ ಕಟ್ಟುವವರ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕುರಿತು

ಮಾನ್ಯರೇ,

ನಾನು ನ್ಯೂಟ್ರಿನೋ ಪ್ರಯೋಗಗಳಲ್ಲಿ ಕೆಲಸ ಮಾಡುವವಳು. ನ್ಯೂಟ್ರಿನೋ ಅಂದರೆ ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಅತಿ ಸೂಕ್ಷ್ಮ ಕಣ. ಸರಿಯಾಗಿ ಹೇಳಬೇಕೆಂದರೆ ಆ ಪ್ರಯೋಗಗಳಿಗೆ ಬೇಕಾದ ಡಿಟೆಕ್ಟರ್, ಅಂದರೆ ಕಣಗಳನ್ನು ಪತ್ತೆಹಚ್ಚುವ ಉಪಕರಣ, ಕಟ್ಟುವವಳು. ಪಿಎಚ್‌ಡಿ ಮಾಡಿದ್ದು ಇದರಲ್ಲೇ, ಆಮೇಲೆ ಹೊರದೇಶದಲ್ಲಿ ಪೋಸ್ಟ್‌ಡಾಕ್ ಮಾಡಿದ್ದೂ ಇದರಲ್ಲೇ. ಊರಿಗೆ ಹತ್ತಿರದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿಕೊಂಡು, ಸಣ್ಣದೊಂದು ಲ್ಯಾಬ್ ಕಟ್ಟಿಕೊಂಡು, ನಾಲ್ಕು ಹುಡುಗರಿಗೆ ಈ ವಿದ್ಯೆ ಕಲಿಸೋಣ ಅಂತ ವಾಪಸ್ ಬಂದೆ. ಅದು ಇನ್ನೂ ಆಗಿಲ್ಲ. ಹಾಗಂತ ನನಗೊಂದು ಕೆಲಸ ಕೊಡಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಅಭ್ಯರ್ಥಿಗಳನ್ನು ಅಳೆಯಲು ನೀವು ಬಳಸುವ ಅಳತೆಗೋಲಿನಲ್ಲಿ ನಮ್ಮಂಥವರ ಕೆಲಸಕ್ಕೆ ಜಾಗವೇ ಇಲ್ಲ. ಆ ವಿಷಯ ನಿಮ್ಮ ಮೇಜಿನ ಮೇಲೆ ಬರಲಿ ಅನ್ನುವುದಷ್ಟೇ ನನ್ನ ಉದ್ದೇಶ.

ಒಂದು ವಿಶ್ವವಿದ್ಯಾಲಯದಲ್ಲಿ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಸಂದರ್ಶನವಿತ್ತು. ಹೆಸರು ಬೇಡ. ನನ್ನ ಜೊತೆಗಾರರನ್ನು ಕೇಳಿದರೆ ಬೇರೆ ಕಡೆಯೂ ಇದೇ ಕತೆ. ಸಮಿತಿಯ ಹಿರಿಯರೊಬ್ಬರು ನನ್ನ ಪ್ರಬಂಧವೊಂದರ ಜೆರಾಕ್ಸ್ ಕೈಗೆತ್ತಿಕೊಂಡರು. ಮೊದಲ ಪುಟದ ತುಂಬ ಹೆಸರುಗಳು. ಎರಡನೇ ಪುಟದಲ್ಲೂ ಹೆಸರುಗಳು. ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವುತ್ತಾ ಹೋದರು.

“ಇದರಲ್ಲಿ ನೀವೆಲ್ಲಿದ್ದೀರಮ್ಮ?”

ತೋರಿಸಿದೆ.

“ಮೊದಲನೇ ಹೆಸರು ನಿಮ್ಮದಲ್ಲ, ಅಲ್ವಾ?”

“ಅಲ್ಲ ಸರ್. ನಮ್ಮಲ್ಲಿ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಹಾಕುತ್ತಾರೆ.”

“ಹಾಗಾದರೆ ಇದಕ್ಕೆ ಮೂವತ್ತು ಪರ್ಸೆಂಟ್” ಎಂದು ಪಕ್ಕದವರಿಗೆ ಹೇಳಿದರು. ಅವರು ಬರೆದುಕೊಂಡರು. ಮುಂದಿನ ಪ್ರಬಂಧ ತೆಗೆದರು. ಆ ಪ್ರಯೋಗದಲ್ಲಿ ನಾನು ಮಾಡಿದ್ದೇನು ಎಂದು ಕೊನೆಯವರೆಗೂ ಯಾರೂ ಕೇಳಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಯಮದಂತೆ ನಡೆದುಕೊಂಡರು. ಆ ಮೂವತ್ತು ಪರ್ಸೆಂಟ್ ಎಲ್ಲಿಂದ ಬಂತು ಎಂದು ನಿಮಗೆ ಗೊತ್ತಿದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಸಂಶೋಧನಾ ಅಂಕಗಳ ಕೋಷ್ಟಕವೊಂದಿದೆ. ಅಸೋಸಿಯೇಟ್ ಪ್ರೊಫೆಸರ್ ಆಗಲು ಅದರಲ್ಲಿ 75 ಅಂಕ ಬೇಕು, ಪ್ರೊಫೆಸರ್ ಆಗಲು 120. ಪ್ರಬಂಧಕ್ಕೆ ಇಬ್ಬರಿಗಿಂತ ಜಾಸ್ತಿ ಲೇಖಕರಿದ್ದರೆ ಮೊದಲ ಲೇಖಕರಿಗೆ, ಇಲ್ಲವೇ ಪ್ರಧಾನ ಅಥವಾ ಕರೆಸ್ಪಾಂಡಿಂಗ್ (ಪತ್ರವ್ಯವಹಾರದ ಹೊಣೆ ಹೊತ್ತ) ಲೇಖಕರಿಗೆ, ಅಂಕದ ಶೇ. 70. ಉಳಿದ ಒಬ್ಬೊಬ್ಬರಿಗೂ ಶೇ. 30. ಮೂರ್ನಾಲ್ಕು ಜನ ಸೇರಿ ಬರೆಯುವ ವಿಷಯಗಳಲ್ಲಿ ಈ ಲೆಕ್ಕ ನಡೆಯಬಹುದು. ಕಣ ಭೌತಶಾಸ್ತ್ರದಲ್ಲಿ ನಡೆಯುವುದಿಲ್ಲ. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎರಡು ಪ್ರಯೋಗಗಳು ಸೇರಿ ಹೊರತಂದ ಪ್ರಬಂಧದಲ್ಲಿ 5,154 ಲೇಖಕರಿದ್ದರು. ಒಟ್ಟು 33 ಪುಟ. ಅದರಲ್ಲಿ ವಿಜ್ಞಾನದ ಮಾತು 9 ಪುಟ, ಮಿಕ್ಕಿದ್ದೆಲ್ಲ ಹೆಸರು ಮತ್ತು ಸಂಸ್ಥೆಗಳ ವಿಳಾಸ. ಅಲ್ಲಿ ಮೊದಲ ಹೆಸರು ಬಂದವರು ಅದೃಷ್ಟವಂತರು. ಅವರ ಮನೆತನದ ಹೆಸರು ‘ಎ’ಯಿಂದ ಶುರುವಾಗುತ್ತದೆ!

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕೋಲಾರದ್ದೇ ನೋಡೋಣ.

ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಹಿಡಿದ ಜಾಗಗಳು ಎರಡು. ಒಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ, ಇನ್ನೊಂದು ಕೆಜಿಎಫ್. ವರ್ಷ 1965. ಫ್ರೆಡ್ರಿಕ್ ರೈನಿಸ್ ಅವರ ಆಫ್ರಿಕಾದ ತಂಡಕ್ಕೆ ನ್ಯೂಟ್ರಿನೋದ ಗುರುತು ಸಿಕ್ಕಿದ್ದು ಮೊದಲು. ಪ್ರಬಂಧ ಮೊದಲು ಪ್ರಕಟವಾದದ್ದು ಕೋಲಾರದ್ದು, ಆಗಸ್ಟ್ ತಿಂಗಳಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಈ ಮೂರು ಕಡೆಯವರು ಸೇರಿ ಮಾಡಿದ ಪ್ರಯೋಗ ಅದು.

ಆ ಕೆಲಸ ಒಂದು ದಿನದಲ್ಲಿ ಆಗಿದ್ದಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 50ರ ದಶಕದ ಆರಂಭದಲ್ಲೇ ಹೋಮಿ ಭಾಭಾ ಅವರ ಮಾತಿನಂತೆ ಉಪಕರಣ ಹೊತ್ತುಕೊಂಡು ಗಣಿಗೆ ಇಳಿದಿದ್ದರು. ಆಕಾಶದಿಂದ ಬರುವ ಮ್ಯೂಆನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಎಂದು ಅಳೆಯುವುದು ಆಗಿನ ಕೆಲಸ. ವರ್ಷ ಕಳೆದಂತೆ ಇನ್ನೂ ಆಳಕ್ಕೆ ಹೋದರು. 60ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಉಪಕರಣ ಇಟ್ಟರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ಇವರಿಗೆ ಬೇಕಾಗಿದ್ದೇ ಅದು. ಮೇಲಿನಿಂದ ಬರುವ ಕಣಗಳ ಕಾಟ ಇಲ್ಲದ ಜಾಗ ಸಿಕ್ಕಿತಲ್ಲ! ಅಂಥ ಆಳದಲ್ಲಿ ಒಂದು ಮ್ಯೂಆನ್ ಅಡ್ಡಡ್ಡಲಾಗಿ ಹಾದುಹೋದರೆ, ಅದು ಪಕ್ಕದ ಬಂಡೆಗೆ ನ್ಯೂಟ್ರಿನೋ ಬಡಿದು ಹುಟ್ಟಿದ್ದೇ ಇರಬೇಕು. ಹಾಗಾಗಿ 2.3 ಕಿ.ಮೀ. ಆಳದಲ್ಲಿ ಕಣ ತಾಗಿದರೆ ಬೆಳಕು ಚಿಮ್ಮಿಸುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳನ್ನು ಎದುರುಬದುರು ಗೋಡೆಗಳ ಹಾಗೆ ನಿಲ್ಲಿಸಿದರು. ನಡುವೆ ನಿಯಾನ್ ಫ್ಲಾಶ್ ಟ್ಯೂಬ್‌ಗಳ ಸಾಲು. ಕಣ ಹಾದುಹೋದರೆ ಅದರ ದಾರಿಯಲ್ಲಿರುವ ಟ್ಯೂಬ್‌ಗಳು ಮಿಂಚುತ್ತವೆ, ಕ್ಯಾಮೆರಾ ಫೋಟೊ ತೆಗೆಯುತ್ತದೆ.

ಈಗ ಆ ಪ್ರಬಂಧದ ಲೇಖಕರ ಪಟ್ಟಿ ನೋಡಿ. ಒಟ್ಟು 11 ಜನ. ಮೊದಲು ಟಿಐಎಫ್ಆರ್‌ನವರು, ಇಂಗ್ಲಿಷ್ ಅಕ್ಷರ ಕ್ರಮದಲ್ಲಿ: ಸಿ. ವಿ. ಆಚಾರ್, ಎಂ. ಜಿ. ಕೆ. ಮೆನನ್, ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ, ಬಿ. ವಿ. ಶ್ರೀಕಂಠನ್. ಆಮೇಲೆ ಒಸಾಕಾದವರು, ಆಮೇಲೆ ಡರ್ಹಮ್‌ನವರು. ಇಂದಿಗೂ ಅದನ್ನು “ಆಚಾರ್ ಮತ್ತು ಇತರರು” ಎಂದೇ ಉಲ್ಲೇಖಿಸುತ್ತಾರೆ. ನಿಮ್ಮ ಕೋಷ್ಟಕದ ಪ್ರಕಾರ ಆಚಾರ್ ಅವರಿಗೆ ಎಪ್ಪತ್ತು. ಮೆನನ್ ಅವರು ತಂಡದ ಮುಂದಾಳು ಅಂತ ಯಾರಾದರೂ ಪತ್ರ ಕೊಟ್ಟರೆ ಅವರೂ ಬಚಾವ್. ಹದಿನೈದು ವರ್ಷದಷ್ಟು ಕಾಲ ಆ ಗಣಿಯ ನಂಟು ಬಿಡದಿದ್ದ ಶ್ರೀಕಂಠನ್ ಅವರಿಗೆ ಮೂವತ್ತು. ಆಚಾರ್ ಅವರ ಕೆಲಸ ಕಡಿಮೆಯದು ಅಂತ ನಾನು ಹೇಳುತ್ತಿಲ್ಲ. ಆ ಪಟ್ಟಿ ನೋಡಿ ಯಾರ ಕೆಲಸ ಎಷ್ಟು ಎಂದು ಹೇಳುವುದೇ ಸಾಧ್ಯವಿಲ್ಲ, ಅದು ನನ್ನ ಮಾತು.

ಡಿಟೆಕ್ಟರ್ ಕಟ್ಟುವುದು ಅಂದರೆ ಏನು ಎಂದು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ. ಸಂದರ್ಶನದಲ್ಲಿ ಯಾರೂ ಕೇಳಲಿಲ್ಲವಲ್ಲ, ಇಲ್ಲಾದರೂ ಹೇಳಿಬಿಡುತ್ತೇನೆ.

ನಾನು ಜಾಸ್ತಿ ಕೆಲಸ ಮಾಡಿದ್ದು ಆರ್‌ಪಿಸಿ (ರೆಸಿಸ್ಟಿವ್ ಪ್ಲೇಟ್ ಚೇಂಬರ್) ಎಂಬ ಡಿಟೆಕ್ಟರ್ ಮೇಲೆ. ಇಟಲಿಯ ಸಾಂಟೋನಿಕೋ ಮತ್ತು ಕಾರ್ಡರೆಲ್ಲಿ 1981ರಲ್ಲಿ ಪರಿಚಯಿಸಿದ ಉಪಕರಣ ಇದು. ನೋಡಲು ಬಹಳ ಸರಳ. ಎರಡು ಗಾಜಿನ ಹಲಗೆ, ಒಂದೊಂದೂ 3 ಮಿ.ಮೀ. ದಪ್ಪ, ಸುಮಾರು 2 ಮೀಟರ್ ಉದ್ದ, ಅಷ್ಟೇ ಅಗಲ. ನಡುವೆ 2 ಮಿ.ಮೀ. ಸಂದು. ಆ ಸಂದಿನೊಳಗೆ ಮೆಲ್ಲಗೆ ಗ್ಯಾಸ್ ಹರಿಯುತ್ತಿರುತ್ತದೆ. ಗಾಜಿನ ಹೊರಮೈಗೆ ಗ್ರಾಫೈಟ್ ಬಣ್ಣ ಬಳಿದು ಸುಮಾರು 10,000 ವೋಲ್ಟ್ ಕೊಡುತ್ತೇವೆ. ವಿದ್ಯುದಂಶ ಇರುವ ಕಣವೊಂದು ಹಾದುಹೋದರೆ ಗ್ಯಾಸ್‌ನಲ್ಲಿ ಎಲೆಕ್ಟ್ರಾನ್‌ಗಳ ಸಣ್ಣ ಪ್ರವಾಹ ಏಳುತ್ತದೆ. ಹೊರಗಿನ ತಾಮ್ರದ ಪಟ್ಟಿಗಳಲ್ಲಿ ಅದರ ಸಿಗ್ನಲ್ ಸಿಗುತ್ತದೆ. ಕಣ ಎಲ್ಲಿ ಹಾಯಿತು, ಯಾವಾಗ ಹಾಯಿತು ಎಂದು ಸುಮಾರು ಒಂದು ನ್ಯಾನೋ ಸೆಕೆಂಡಿನ ಮಟ್ಟಕ್ಕೆ ತಿಳಿಯುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು.

ಕಷ್ಟ ಇರುವುದು ಆ 2 ಮಿ.ಮೀ. ಸಂದಿನಲ್ಲಿ. ಅದು ನಾಲ್ಕು ಚದರ ಮೀಟರ್ ಉದ್ದಗಲಕ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಸ್ವಲ್ಪ ಕಿರಿದಾದರೆ ಅಲ್ಲಿ ವಿದ್ಯುತ್ ಕ್ಷೇತ್ರ ಜೋರಾಗಿ ಸುಮ್ಸುಮ್ನೆ ಸಿಗ್ನಲ್ ಬರತೊಡಗುತ್ತದೆ. ಅದಕ್ಕೆಂದೇ ಗಾಜಿನ ನಡುವೆ ಪಾಲಿಕಾರ್ಬೊನೇಟಿನ ಪುಟ್ಟ ಗುಂಡಿಗಳನ್ನು ಸಮ ಅಂತರದಲ್ಲಿ ಅಂಟಿಸುತ್ತೇವೆ. ಗಮ್ ಕಡಿಮೆಯಾದರೆ ಗುಂಡಿ ಹಿಡಿದುಕೊಳ್ಳುವುದಿಲ್ಲ. ಜಾಸ್ತಿಯಾದರೆ ಅಂಚಿನಿಂದ ಹೊರಗೆ ಹರಡುತ್ತದೆ, ಅಲ್ಲಿಂದ ಕರೆಂಟ್ ಸೋರುತ್ತದೆ. ಎಲ್ಲ ಒಣಗಿದ ಮೇಲೆ ಸೋರಿಕೆ ಪರೀಕ್ಷೆ. ಒಳಗೆ ಒಂದಿಷ್ಟು ಒತ್ತಡ ತುಂಬಿ, ಕೊಳವೆಗಳನ್ನು ಮುಚ್ಚಿ, ಗಂಟೆಗಟ್ಟಲೆ ಮೀಟರ್ ನೋಡುತ್ತಾ ಕೂರಬೇಕು. ಕೋಣೆಯ ಬಿಸಿ ಒಂದು ಡಿಗ್ರಿ ಏರಿದರೂ ಒತ್ತಡ ಬದಲಾಗುತ್ತದೆ. ಹೊರಗಿನ ಗಾಳಿಯ ಒತ್ತಡ ದಿನದಲ್ಲಿ ಏರಿಳಿಯುತ್ತದೆ, ಅದನ್ನೂ ಕಳೆಯಬೇಕು. ಇಷ್ಟೆಲ್ಲ ಕಳೆದ ಮೇಲೆ ಗ್ರಾಫ್‌ನಲ್ಲಿ ಗೆರೆ ನಿಧಾನವಾಗಿ ಇಳಿದರೆ ಎಲ್ಲೋ ಸಣ್ಣ ಸೋರಿಕೆ ಇದೆ ಅಂತ ಅರ್ಥ. ಗೆರೆ ತಟ್ಟನೆ ಒಂದು ಮೆಟ್ಟಿಲಿನಷ್ಟು ಕೆಳಗೆ ಬಿದ್ದರೆ ಒಳಗೆ ಒಂದು ಗುಂಡಿ ಕಿತ್ತುಕೊಂಡಿದೆ. ಗಾಜು ಅಲ್ಲಿ ಉಬ್ಬಿಬಿಟ್ಟಿದೆ. ಆ ಚೇಂಬರ್ ಕತೆ ಅಲ್ಲಿಗೆ ಮುಗಿಯಿತು.

ಮಳೆಗಾಲ ಬಂತೆಂದರೆ ಇನ್ನೊಂದು ತಲೆನೋವು. ಗಾಳಿಯಲ್ಲಿ ತೇವ ಏರಿದ ಹಾಗೆ ಸೋರುವ ಕರೆಂಟೂ ಏರುತ್ತದೆ. ಗ್ಯಾಸ್ ಕೊಳವೆಯ ತೊಂದರೆಯೋ, ಕೇಬಲ್ ಕನೆಕ್ಟರಿನ ತೊಂದರೆಯೋ, ಗಾಜೇ ಕೆಟ್ಟಿತೋ ಎಂದು ಒಂದೊಂದನ್ನೇ ಬಿಡಿಸಿ ನೋಡಬೇಕು. ಈ ಪತ್ತೆದಾರಿಕೆಯನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ನನಗಂತೂ ಭೌತಶಾಸ್ತ್ರದಲ್ಲಿ ಇದಕ್ಕಿಂತ ಖುಷಿ ಕೊಡುವ ಕೆಲಸ ಸಿಕ್ಕಿಲ್ಲ. ಕೊನೆಗೆ ಆ ಚೇಂಬರ್ ನೂರು ಕಣಗಳಲ್ಲಿ ತೊಂಬತ್ತೈದಕ್ಕಿಂತ ಜಾಸ್ತಿ ಹಿಡಿಯತೊಡಗುತ್ತದೆ. ಹೀಗೆ ಪಳಗಿಸಿದ ಚೇಂಬರುಗಳ ಮೇಲೆ ನಿಂತು ಮುಂದೆ ಯಾರೋ ಡೇಟಾ ವಿಶ್ಲೇಷಣೆ ಮಾಡುತ್ತಾರೆ, ಪ್ರಬಂಧ ಬರುತ್ತದೆ.

ಇದಕ್ಕೆ ಕೋಷ್ಟಕದಲ್ಲಿ ಎಷ್ಟು ಅಂಕ? ಸೊನ್ನೆ. ನಾಲ್ಕು ಕ್ರೆಡಿಟ್ಟಿನ ಒಂದು ಆನ್‌ಲೈನ್ ಕೋರ್ಸ್ ಪೂರ್ತಿ ತಯಾರಿಸಿದರೆ 20 ಅಂಕ. ಹೊರದೇಶದಲ್ಲಿ ಆಹ್ವಾನಿತ ಉಪನ್ಯಾಸ ಕೊಟ್ಟರೆ 7. ರಾಷ್ಟ್ರೀಯ ಪೇಟೆಂಟಿಗೂ 7. ನಾನು ಈ ಕೆಲಸಗಳನ್ನು ಹಗುರ ಮಾಡುತ್ತಿಲ್ಲ, ಒಳ್ಳೆಯ ಕೋರ್ಸ್ ಮಾಡುವುದೂ ಸುಲಭವಲ್ಲ. ಆದರೆ ಡಿಟೆಕ್ಟರಿನ ಬಗ್ಗೆ ಗಂಟೆ ಹೊತ್ತು ಮಾತಾಡಿದರೆ ಅಂಕ ಇದೆ, ವರ್ಷಗಟ್ಟಲೆ ಕೂತು ಡಿಟೆಕ್ಟರ್ ಕಟ್ಟಿದರೆ ಇಲ್ಲ ಅನ್ನುವುದು ಯಾವ ನ್ಯಾಯ? ಲಗ್ನಪತ್ರಿಕೆಯಲ್ಲಿ ಹೆಸರಿಲ್ಲ ಅಂತ ಅಡುಗೆಯವರನ್ನು ಬರಿಗೈಲಿ ಕಳಿಸಿದ ಹಾಗಾಯಿತು.

ನೀವು ಕೇಳಬಹುದು, ಉಪಕರಣದ ಬಗ್ಗೆಯೇ ಪ್ರಬಂಧ ಬರೆಯಬಹುದಲ್ಲ ಅಂತ. ಬರೆಯುತ್ತೇವೆ. ಅಂಥ ಜರ್ನಲ್‌ಗಳಿವೆ, ಒಳ್ಳೆಯವೇ ಇವೆ. ಆದರೆ ಅವುಗಳ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅಲ್ಲಿನ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಳತೆ, ಕಡಿಮೆ. ನಿಮ್ಮ ಕೋಷ್ಟಕ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಅಂಕ ಕೊಡುವುದರಿಂದ ಅಲ್ಲೂ ನಮಗೆ ಕೆಳಗಿನ ಮೆಟ್ಟಿಲೇ. ಜೊತೆಗೆ ಕೆಟ್ಟುಹೋದ ಚೇಂಬರಿನ ಬಗ್ಗೆ, ಅದು ಯಾಕೆ ಕೆಟ್ಟಿತು ಅನ್ನುವುದರ ಬಗ್ಗೆ ಬರೆದದ್ದೆಲ್ಲ ಪ್ರಯೋಗದ ಆಂತರಿಕ ಟಿಪ್ಪಣಿಯಾಗಿ ಉಳಿದುಬಿಡುತ್ತದೆ. ಮುಂದಿನ ತಂಡಕ್ಕೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ.

ಉಪಕರಣ ಬೇರೆ, ವಿಜ್ಞಾನ ಬೇರೆ ಅನ್ನುವ ಭಾವನೆ ನಮ್ಮ ಎಷ್ಟೋ ವಿಭಾಗಗಳಲ್ಲಿ ಇದೆ. ಕೆಲವರು ಬಾಯಿಬಿಟ್ಟೇ ಹೇಳುತ್ತಾರೆ, “ಅದು ಟೆಕ್ನಿಷಿಯನ್ ಕೆಲಸ ಅಲ್ವಾ?” ಅಂತ. ಅವರಿಗೆ ಜಪಾನಿನ ಮಸಾತೋಶಿ ಕೋಶಿಬಾ ಅವರ ಕತೆ ನೆನಪಿಸಬೇಕು. ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು ಅವರು ಕಮಿಯೋಕಾ ಗಣಿಯಲ್ಲಿ ದೊಡ್ಡ ನೀರಿನ ತೊಟ್ಟಿ ಕಟ್ಟುವುದಕ್ಕೆ ಹೊರಟರು. ಮಂದ ಬೆಳಕನ್ನು ಹಿಡಿಯಲು 20 ಇಂಚು ಅಗಲದ ಫೋಟೊಮಲ್ಟಿಪ್ಲೈಯರ್ ಟ್ಯೂಬ್ ಬೇಕು ಅಂದರು. ಅಂಥದ್ದು ಆಗ ಎಲ್ಲೂ ಇರಲಿಲ್ಲ. ಹಮಾಮಾತ್ಸು ಕಂಪನಿಯ ಬೆನ್ನು ಬಿದ್ದು ಮಾಡಿಸಿದರು. 1983ರಲ್ಲಿ ಡಿಟೆಕ್ಟರ್ ಶುರುವಾಯಿತು. ಪ್ರೋಟಾನ್ ಒಡೆಯಲಿಲ್ಲ. ಆದರೆ 1987ರ ಫೆಬ್ರವರಿ 23ರಂದು ದೂರದ ನಕ್ಷತ್ರವೊಂದು ಸಿಡಿದು ಬಂದ ನ್ಯೂಟ್ರಿನೋಗಳು ಆ ಟ್ಯೂಬ್‌ಗಳಿಗೆ ಸಿಕ್ಕಿದವು. ಕೋಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಅದೇ ಗಣಿಯಲ್ಲಿ ಆಮೇಲೆ ಕಟ್ಟಿದ ಇನ್ನೂ ದೊಡ್ಡ ಡಿಟೆಕ್ಟರಿನಿಂದ, ನ್ಯೂಟ್ರಿನೋಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ ಎಂದು 1998ರಲ್ಲಿ ಗೊತ್ತಾಯಿತು. ಅದಕ್ಕೂ 2015ರಲ್ಲಿ ನೊಬೆಲ್.

ಕೋಲಾರದವರು ಅದೇ ಪ್ರೋಟಾನ್ ಪ್ರಯೋಗವನ್ನು ಕಮಿಯೋಕಾಕ್ಕಿಂತ ಮೊದಲೇ, 1980ರಲ್ಲಿ, ಶುರುಮಾಡಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. 2.3 ಕಿ.ಮೀ. ಆಳದಲ್ಲಿ 140 ಟನ್ ತೂಕದ ಡಿಟೆಕ್ಟರ್. ಕಬ್ಬಿಣದ ಹಲಗೆಗಳ ನಡುವೆ ಪ್ರಪೋರ್ಷನಲ್ ಕೌಂಟರ್ ಎಂಬ ಗ್ಯಾಸ್ ತುಂಬಿದ ಕೊಳವೆಗಳ ಪದರ ಪದರ. ಗಣಿಯ ಲಿಫ್ಟಿನಲ್ಲಿ ಹಿಡಿಸುವಷ್ಟೇ ಸಾಮಾನು ಇಳಿಸಿ ಒಳಗೆ ಜೋಡಿಸಬೇಕಾದ ಕೆಲಸ. ಆಮೇಲೆ ಇನ್ನೊಂದನ್ನೂ ಕಟ್ಟಿದರು. 90ರ ದಶಕದ ಆರಂಭಕ್ಕೆ ಎಲ್ಲ ನಿಂತಿತು. 2001ರಲ್ಲಿ ಚಿನ್ನದ ಗಣಿಗೂ ಬೀಗ ಬಿತ್ತು. ಕೆಜಿಎಫ್ ಅಂದರೆ ಈಗ ಹುಡುಗರಿಗೆ ಸಿನಿಮಾ ನೆನಪಾಗುತ್ತದೆ, ಅವರ ತಪ್ಪೇನಿಲ್ಲ. ನಮ್ಮ ಎಷ್ಟು ಎಂಎಸ್ಸಿ ತರಗತಿಗಳಲ್ಲಿ 1965ರ ಮಾತು ಬರುತ್ತದೆ, ಹೇಳಿ?

ಕೋಲಾರದ ಆ ಪರಂಪರೆಯನ್ನು ಮುಂದುವರಿಸಬೇಕು ಎಂದೇ ಐಎನ್ಒ (ಇಂಡಿಯಾ-ಬೇಸ್ಡ್ ನ್ಯೂಟ್ರಿನೋ ಅಬ್ಸರ್ವೇಟರಿ) ಯೋಜನೆ ಹುಟ್ಟಿದ್ದು. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ಸುರಂಗ ಕೊರೆದು, 50,000 ಟನ್ ಕಾಂತೀಯ ಕಬ್ಬಿಣದ ನಡುವೆ ಸುಮಾರು 29,000 ಆರ್‌ಪಿಸಿಗಳನ್ನು ಜೋಡಿಸುವ ಯೋಜನೆ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಪರಿಸರದ ಪ್ರಶ್ನೆ, ಹಸಿರು ಪೀಠ, ಕೋರ್ಟು. 2022ರಲ್ಲಿ ತಮಿಳುನಾಡು ಸರ್ಕಾರ ಈ ಯೋಜನೆ ಬೇಡ ಎಂದು ಸುಪ್ರೀಂ ಕೋರ್ಟಿಗೆ ಹೇಳಿತು. ಪಶ್ಚಿಮ ಘಟ್ಟದ ಮಡಿಲಲ್ಲಿ ಬದುಕುವ ಜನ ನಮ್ಮ ನೀರು, ನಮ್ಮ ಕಾಡು ಏನಾಗುತ್ತದೆ ಎಂದು ಕೇಳಿದ್ದು ಸರಿಯೇ. ಆ ವಾದವನ್ನು ಇಲ್ಲಿ ಎಳೆಯುವುದಿಲ್ಲ. ನಾನು ಹೇಳಹೊರಟಿದ್ದು ಆ ಯೋಜನೆ ನಂಬಿಕೊಂಡು ಬಂದವರ ವಿಷಯ. 2008ರಿಂದಲೇ ಅದಕ್ಕಾಗಿ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿದ್ದರು. ಗಾಜಿನ ಆರ್‌ಪಿಸಿಗಳನ್ನು ಇಲ್ಲೇ ಮಾಡಲು ಕಲಿತರು. ಅದರ ಸಿಗ್ನಲ್ ಓದುವ ಚಿಪ್ಪನ್ನು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಇಲ್ಲೇ ವಿನ್ಯಾಸ ಮಾಡಿದರು. ಮದುರೈನಲ್ಲಿ 85 ಟನ್ನಿನ ಪುಟ್ಟ ಮಾದರಿ ಎದ್ದು ನಿಂತು ಆಕಾಶದಿಂದ ಬರುವ ಮ್ಯೂಆನ್‌ಗಳನ್ನು ಅಳೆಯಿತು. ಕೈಯಲ್ಲಿ ವಿದ್ಯೆ ಇದೆ, ದೊಡ್ಡ ಡಿಟೆಕ್ಟರ್ ಮಾತ್ರ ಇಲ್ಲ.

ಅದೇ 2015ರಲ್ಲಿ ಚೀನಾದವರು ಜೂನೋ ಎಂಬ ನ್ಯೂಟ್ರಿನೋ ಡಿಟೆಕ್ಟರಿಗೆ ನೆಲ ಅಗೆಯಲು ಶುರುಮಾಡಿದರು. ನೆಲದಿಂದ 700 ಮೀಟರ್ ಕೆಳಗೆ 20,000 ಟನ್ ದ್ರವ ತುಂಬಿದ ಗೋಳ. 2025ರ ಆಗಸ್ಟ್‌ನಲ್ಲಿ ಅದು ಡೇಟಾ ತೆಗೆಯಲು ಆರಂಭಿಸಿತು. ಮೂರು ನ್ಯೂಟ್ರಿನೋಗಳ ತೂಕದ ಕ್ರಮ ಯಾವುದು ಎಂದು ಕಂಡುಹಿಡಿಯುವುದು ಅದರ ಗುರಿ. ಐಎನ್ಒ ಗುರಿಯೂ ಅದೇ ಆಗಿತ್ತು.

ನನ್ನ ಜೊತೆ ಗಾಜಿಗೆ ಗಮ್ ಹಚ್ಚಿದವರಲ್ಲಿ ಹಲವರು ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಾರೆ. ಸಂಬಳ ಚೆನ್ನಾಗಿದೆ, ಸಂತೋಷ. ಕೆಲವರು ಹೊರದೇಶದ ಲ್ಯಾಬ್‌ಗಳಲ್ಲಿದ್ದಾರೆ. ಅಲ್ಲಿ ಅವರನ್ನು “ನೀನು ಏನು ಕಟ್ಟಿದ್ದೀಯ?” ಎಂದು ಕೇಳಿಯೇ ಕೆಲಸಕ್ಕೆ ತೆಗೆದುಕೊಂಡರು. ವಿಶ್ವವಿದ್ಯಾಲಯದ ಕೆಲಸ ಸಿಕ್ಕಿದ ಒಂದಿಬ್ಬರಿಗೆ ಡಿಟೆಕ್ಟರ್ ಮುಟ್ಟುವ ಅವಕಾಶವೇ ಇಲ್ಲ. ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡಿ ಬೇಗ ಬೇಗ ಪ್ರಬಂಧ ಬರೆಯುತ್ತಿದ್ದಾರೆ. ಅವರನ್ನು ದೂರಿ ಏನು ಪ್ರಯೋಜನ? ಅಂಕ ಎಲ್ಲಿದೆಯೋ ಜನ ಅಲ್ಲಿಗೆ ಹೋಗುತ್ತಾರೆ.

ನಾನು ಎಂಎಸ್ಸಿ ಓದಿದ ವಿಭಾಗದಲ್ಲಿ ಹಳೆಯ ವರ್ಕ್‌ಶಾಪ್ ಒಂದಿತ್ತು. ಈಚೆಗೆ ಹೋಗಿ ನೋಡಿದೆ. ಲೇತ್ ಮೆಷಿನ್ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟು. ಗಾಜಿನ ಕೆಲಸ ಮಾಡುತ್ತಿದ್ದವರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಿಲ್ಲ. ಟರ್ನರ್ ಹುದ್ದೆಯೂ ಖಾಲಿ. ವಿದ್ಯಾರ್ಥಿಗಳು ಗೈಗರ್ ಕೌಂಟರ್ ಪ್ರಯೋಗ ಮಾಡುತ್ತಾರೆ, ಕಂಪನಿಯಿಂದ ಬಂದ ಡಬ್ಬಿಯ ಸ್ವಿಚ್ ಹಾಕಿ ರೀಡಿಂಗ್ ಬರೆದುಕೊಳ್ಳುತ್ತಾರೆ. ಡಬ್ಬಿಯೊಳಗೆ ಏನಿದೆ ಎಂದು ನೋಡಿದವರಿಲ್ಲ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಲ್ಯಾಬ್ ಸಹಾಯಕರ ಭಯ. ಇದೆಲ್ಲ ಬೇರೆ ಬೇರೆ ಸಮಸ್ಯೆ ಅಂತ ನಿಮಗೆ ಅನಿಸಬಹುದು. ಉಪಕರಣ ಕಟ್ಟುವ ಒಬ್ಬ ಅಧ್ಯಾಪಕರನ್ನೂ ತೆಗೆದುಕೊಳ್ಳದ ವಿಭಾಗದಲ್ಲಿ ವರ್ಕ್‌ಶಾಪ್ ಬೇಕು ಎಂದು ಜಗಳ ಆಡುವವರು ಯಾರು, ಹೇಳಿ?

ಒಂದು ನ್ಯಾಯವಾದ ಆಕ್ಷೇಪ ನಿಮ್ಮ ಕಡೆಯಿಂದ ಬರಬಹುದು. ನೂರಾರು ಹೆಸರುಗಳ ನಡುವೆ ಯಾರು ದುಡಿದರು, ಯಾರು ಸುಮ್ನೆ ಹೆಸರು ಹಾಕಿಸಿಕೊಂಡರು ಎಂದು ತಿಳಿಯುವುದು ಹೇಗೆ? ಒಪ್ಪುತ್ತೇನೆ, ಹಾಗೆ ಹೆಸರು ಹಾಕಿಸಿಕೊಂಡವರೂ ಇದ್ದಾರೆ. ಆದರೆ ಅದನ್ನು ತಿಳಿಯುವ ದಾರಿಗಳಿವೆ. ಪ್ರತಿ ದೊಡ್ಡ ಪ್ರಯೋಗದಲ್ಲೂ ಒಂದೊಂದು ಭಾಗಕ್ಕೆ ಜವಾಬ್ದಾರರು ಇರುತ್ತಾರೆ. ಗ್ಯಾಸ್ ವ್ಯವಸ್ಥೆಗೆ ಒಬ್ಬರು, ಎಲೆಕ್ಟ್ರಾನಿಕ್ಸ್‌ಗೆ ಒಬ್ಬರು. ಇಂಥ ವರ್ಷ ಇಂಥವರು ಇಂಥ ಕೆಲಸ ಮಾಡಿದರು ಎಂದು ಅವರು ಸಹಿ ಹಾಕಿ ಬರೆದುಕೊಡುತ್ತಾರೆ. ಆಂತರಿಕ ಟಿಪ್ಪಣಿಗಳ ಮೇಲೆ ಹತ್ತಾರು ಹೆಸರಿರುವುದಿಲ್ಲ, ಕೆಲಸ ಮಾಡಿದ ಒಬ್ಬರದೋ ಇಬ್ಬರದೋ ಇರುತ್ತದೆ. ಇವೆರಡನ್ನೂ ಅರ್ಜಿಯ ಜೊತೆ ಲಗತ್ತಿಸಲು ಅವಕಾಶ ಕೊಡಿ. ಈಗಿನ ಅರ್ಜಿ ನಮೂನೆಗಳಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ. ‘ಇತರೆ’ ಎಂಬ ಕಾಲಮ್ಮಿನಲ್ಲಿ ಎರಡು ಸಾಲು ಬರೆದು ಕೈಮುಗಿಯಬೇಕು.

ಇನ್ನೂ ಸುಲಭದ ದಾರಿ ಒಂದಿದೆ. ಅಭ್ಯರ್ಥಿಯ ಕೈಗೆ ಸೀಮೆಸುಣ್ಣ ಕೊಡಿ. “ನೀವು ಕಟ್ಟಿದ್ದನ್ನು ಬರೆದು ತೋರಿಸಿ. ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದಿರಿ?” ಎಂದು ಕೇಳಿ. ಹತ್ತು ನಿಮಿಷ ಸಾಕು. ಕೈಯಾರೆ ಮಾಡಿದವರು ಯಾರು, ಹೆಸರು ಮಾತ್ರ ಹಾಕಿಸಿಕೊಂಡವರು ಯಾರು ಎಂದು ಗೊತ್ತಾಗಿಬಿಡುತ್ತದೆ. ಆದರೆ ಆ ಉತ್ತರ ಅರ್ಥವಾಗಬೇಕಾದರೆ ಸಮಿತಿಯಲ್ಲಿ ಪ್ರಯೋಗ ಮಾಡಿದ ಅನುಭವ ಇರುವ ಒಬ್ಬ ತಜ್ಞರಾದರೂ ಇರಬೇಕು. ನಾನು ಹೋದ ಸಂದರ್ಶನದಲ್ಲಿ ಎಲ್ಲರೂ ಥಿಯರಿಯವರೇ. ವಿದ್ವಾಂಸರು, ಅನುಮಾನವಿಲ್ಲ. ಆದರೆ ಥಿಯರಿಯವರನ್ನು ಆರಿಸಲು ಬರೀ ಪ್ರಯೋಗದವರನ್ನೇ ಕೂರಿಸಿದರೆ ಅವರು ಸುಮ್ಮನಿರುತ್ತಾರೆಯೇ?

ಯುಜಿಸಿ ನಿಯಮ ನಮ್ಮ ಕೈಯಲ್ಲಿಲ್ಲ ಅನ್ನುತ್ತೀರಿ. ಪೂರ್ತಿ ಹಾಗಲ್ಲ. 2025ರ ಜನವರಿಯಲ್ಲಿ ಯುಜಿಸಿಯೇ ಹೊರಡಿಸಿದ ಕರಡಿನಲ್ಲಿ ಅಂಕದ ಕೋಷ್ಟಕದ ಬದಲು ಅಧ್ಯಾಪಕರ ಗಮನಾರ್ಹ ಕೊಡುಗೆಗಳನ್ನು ನೋಡಬೇಕು ಎಂದಿತ್ತು. ಅಂಥ ಒಂಬತ್ತು ಬಗೆಯ ಕೊಡುಗೆಗಳಲ್ಲಿ ಸಂಶೋಧನೆಗೋ ಬೋಧನೆಗೋ ಪ್ರಯೋಗಾಲಯ ಕಟ್ಟುವುದೂ ಒಂದು. ಆ ಕರಡಿನ ಮೇಲಿನ ಜಗಳವೆಲ್ಲ ಕುಲಪತಿಗಳನ್ನು ಯಾರು ನೇಮಿಸಬೇಕು ಎಂಬುದರ ಸುತ್ತಲೇ ನಡೆಯಿತು. ಹಲವು ರಾಜ್ಯಗಳ ಮಂತ್ರಿಗಳು ಬೆಂಗಳೂರಿನಲ್ಲೇ ಸೇರಿ ವಿರೋಧಿಸಿದರು. ರಾಜ್ಯದ ಅಧಿಕಾರದ ಪ್ರಶ್ನೆ ದೊಡ್ಡದೇ. ಆದರೆ ಆ ಗದ್ದಲದಲ್ಲಿ ಪ್ರಯೋಗಾಲಯದ ಸಾಲಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಅದು ಒಳ್ಳೆಯ ಸಾಲು. ಕರಡಿನ ಹಣೆಬರಹ ಏನೇ ಇರಲಿ, ಸಂದರ್ಶನದಲ್ಲಿ ಏನು ಕೇಳಬೇಕು, ಅರ್ಜಿ ನಮೂನೆಯಲ್ಲಿ ಯಾವ ಕಾಲಂ ಇರಬೇಕು, ತಜ್ಞರ ಹೆಸರು ಆರಿಸುವಾಗ ಯಾರನ್ನು ನೆನಪಿಸಿಕೊಳ್ಳಬೇಕು, ಇವಕ್ಕೆಲ್ಲ ದೆಹಲಿಯ ಅಪ್ಪಣೆ ಬೇಕಿಲ್ಲ.

ನಿಮ್ಮ ಸಿಂಡಿಕೇಟ್ ಸಭೆಗಳಲ್ಲಿ ಈ ಮಾತು ಎತ್ತಿ ಎಂದು ಕೇಳಿಕೊಳ್ಳುತ್ತೇನೆ. ಭೌತಶಾಸ್ತ್ರ ವಿಭಾಗದ ಮುಂದಿನ ಅಧಿಸೂಚನೆ ಹೊರಡುವ ಮೊದಲೇ ಅರ್ಜಿ ನಮೂನೆಯಲ್ಲಿ ‘ಕಟ್ಟಿದ ಉಪಕರಣಗಳು ಮತ್ತು ಪ್ರಯೋಗಾಲಯ ಸೌಲಭ್ಯಗಳು’ ಎಂಬ ಕಾಲಂ ಸೇರಿಸಿ. ಅಕ್ಷರ ಕ್ರಮದಲ್ಲಿ ಹೆಸರು ಹಾಕುವ ಪ್ರಬಂಧಗಳಿಗೆ ಎಪ್ಪತ್ತು-ಮೂವತ್ತರ ಲೆಕ್ಕವನ್ನು ಹಾಗೇ ಅಂಟಿಸಬೇಡಿ. ಜವಾಬ್ದಾರಿ ಹೊತ್ತವರ ಪತ್ರ ನೋಡಿ ಪ್ರಧಾನ ಲೇಖಕರು ಯಾರು ಎಂದು ತೀರ್ಮಾನಿಸಲು ನಿಯಮದಲ್ಲೇ ಜಾಗ ಇದೆ, ‘ಪ್ರಧಾನ’ ಎಂಬ ಮಾತು ಅಲ್ಲಿರುವುದು ಇನ್ಯಾತಕ್ಕೆ? ಖಾಲಿ ಬಿದ್ದಿರುವ ವರ್ಕ್‌ಶಾಪ್ ಹುದ್ದೆಗಳನ್ನು ಸರ್ಕಾರಕ್ಕೆ ಬರೆದು ತುಂಬಿಸಿಕೊಳ್ಳಿ. ಹೊಸದಾಗಿ ಸೇರಿದ ಪ್ರಯೋಗ ವಿಜ್ಞಾನಿಗೆ ಒಂದು ಕೋಣೆ, ಸರಿಯಾದ ಅರ್ಥಿಂಗ್ ಇರುವ ಕರೆಂಟು, ಶುರುವಿಗೆ ಒಂದಿಷ್ಟು ಹಣ ಕೊಡಿ. ದೊಡ್ಡ ಮೊತ್ತ ಬೇಡ.

ಒಂದು ವಿಷಯದಲ್ಲಿ ನಾನು ಈಗಲೇ ನೆರವಾಗಬಲ್ಲೆ. ಅಂಗೈ ಅಗಲದ ಎರಡು ಸಿಂಟಿಲೇಟರ್ ತುಂಡು, ಸಣ್ಣ ಸೆನ್ಸರ್, ಒಂದು ಸರ್ಕ್ಯೂಟ್ ಬೋರ್ಡ್ ಇದ್ದರೆ ಎಂಎಸ್ಸಿ ವಿದ್ಯಾರ್ಥಿಗಳೇ ಮ್ಯೂಆನ್ ಎಣಿಸುವ ಉಪಕರಣ ಕಟ್ಟಬಹುದು. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ, ಅದನ್ನು ಅವರೇ ಎಣಿಸಲಿ. ಯಾವುದೇ ವಿಭಾಗ ಕರೆದರೂ ಬಂದು ಕಲಿಸುತ್ತೇನೆ. ಗೌರವಧನ ಬೇಡ, ಸಾಮಾನಿನ ಖರ್ಚು ನೋಡಿಕೊಂಡರೆ ಸಾಕು. ಬಿಚ್ಚಿ ನೋಡಲು ಬಿಡಬೇಕು, ಅದೊಂದೇ ನನ್ನ ಷರತ್ತು.

ಮೇಲೆ ಕೇಳಿದ್ದರಲ್ಲಿ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂದು ಯಾವುದಾದರೂ ಒಂದು ವಿಶ್ವವಿದ್ಯಾಲಯವಾದರೂ ಬರಹದಲ್ಲಿ ಉತ್ತರ ಕೊಡಬೇಕೆಂದು ಕೋರುತ್ತೇನೆ. ಆಗುವುದಿಲ್ಲ ಎನ್ನುವುದಾದರೆ ಕಾರಣವನ್ನೂ ತಿಳಿಸಿ. ಪಿಎಚ್‌ಡಿಗೆ ಸೇರಲು ಬರುವ ಹುಡುಗಿಯರು, ಹುಡುಗರು “ಡಿಟೆಕ್ಟರ್ ಕೆಲಸ ತಗೊಳ್ಳಲಾ, ಬೇಡವಾ?” ಎಂದು ನನ್ನನ್ನು ಕೇಳುತ್ತಿದ್ದಾರೆ. ನಿಮ್ಮ ಉತ್ತರವನ್ನೇ ಅವರಿಗೆ ತೋರಿಸುತ್ತೇನೆ.

ಗೌರವಪೂರ್ವಕ ನಮಸ್ಕಾರಗಳೊಂದಿಗೆ,

ತಮ್ಮ ವಿಶ್ವಾಸಿ,
ನ್ಯೂಟ್ರಿನೋ ಪ್ರಯೋಗಗಳಲ್ಲಿ ದುಡಿಯುತ್ತಿರುವ ಒಬ್ಬ ಕನ್ನಡತಿ